ಕಂಪ್ಯೂಟರ್‌ನಲ್ಲಿ ಸೌಂಡ್ ಬರ್ತಿಲ್ವಾ? ಡ್ರೈವರ್ ಮುಟ್ಟುವ ಮುಂಚೆ ಮಿಕ್ಸರ್ ನೋಡಿ

ಸೌಂಡ್ ನಿಂತಿತು ಅಂತ ಡ್ರೈವರ್ (ಸೌಂಡ್ ಹಾರ್ಡ್‌ವೇರನ್ನು ವಿಂಡೋಸ್ ಜೊತೆ ಮಾತಾಡಿಸುವ ಸಾಫ್ಟ್‌ವೇರ್) ತೆಗೆದು ಹಾಕಿ, ಅದೂ ಸಾಲದೆ ವಿಂಡೋಸನ್ನೇ ಹೊಸದಾಗಿ ಹಾಕಿಕೊಂಡವರನ್ನು ನೋಡಿದ್ದೇನೆ. ಇಡೀ ದಿನ ಹೋಯಿತು, ಸೌಂಡ್ ಮಾತ್ರ ಬರಲಿಲ್ಲ. ಯಾಕಂದರೆ ಅದು ಸ್ಪೀಕರ್‌ಗೆ ಹೋಗುವ ಬದಲು ಮಾನಿಟರ್‌ಗೆ ಹೋಗುತ್ತಿತ್ತು.

ಮೊದಲು ಸುಲಭದ್ದು ಮುಗಿಸಿ. ಸ್ಪೀಕರ್ ಆನ್ ಇದೆಯಾ, ವೈರ್ ಹಸಿರು ಜಾಕ್‌ನಲ್ಲಿದೆಯಾ ನೋಡಿ. ಗುಲಾಬಿ ಬಣ್ಣದ್ದು ಮೈಕ್‌ಗೆ.

ಜಾಸ್ತಿ ಜನ ಎಡವುವುದು ಮುಂದಿನ ಹಂತದಲ್ಲಿ. ಟಾಸ್ಕ್‌ಬಾರ್‌ನ ಸ್ಪೀಕರ್ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ, ಸೌಂಡ್ ಸೆಟ್ಟಿಂಗ್ಸ್ ತೆರೆಯಿರಿ. ಔಟ್‌ಪುಟ್ ಅನ್ನುವ ಕಡೆ ಯಾವ ಹೆಸರು ಆಯ್ಕೆಯಾಗಿದೆ ಅಂತ ಓದಿ, ಸುಮ್ನೆ ಕಣ್ಣಾಡಿಸಬೇಡಿ. ಎಚ್‌ಡಿಎಂಐ ಕೇಬಲ್‌ನಲ್ಲಿ ಚಿತ್ರದ ಜೊತೆ ಸೌಂಡೂ ಹೋಗುತ್ತದೆ, ಹಾಗಾಗಿ ಹೊಸ ಮಾನಿಟರ್ ಜೋಡಿಸಿದಾಗ ವಿಂಡೋಸ್ ಎಷ್ಟೋ ಸಲ ಸೌಂಡನ್ನು ಅದಕ್ಕೇ ಕಳಿಸಿಬಿಡುತ್ತದೆ, ಅದರಲ್ಲಿ ಸ್ಪೀಕರ್ ಇಲ್ಲದಿದ್ದರೂ. ಪಟ್ಟಿಯಲ್ಲಿ ನಿಮ್ಮ ಸ್ಪೀಕರ್ ಆರಿಸಿ.

ಆಮೇಲೆ ಅದೇ ಐಕಾನ್‌ನಿಂದ ವಾಲ್ಯೂಮ್ ಮಿಕ್ಸರ್ ತೆರೆಯಿರಿ. ತೊಂದರೆ ಕೊಡುವ ಆ್ಯಪ್‌ನಲ್ಲಿ ಏನಾದರೂ ಪ್ಲೇ ಮಾಡಿಟ್ಟೇ ತೆರೆಯಿರಿ, ಇಲ್ಲದಿದ್ದರೆ ಅದರ ಹೆಸರೇ ಕಾಣದೆ ಹೋಗಬಹುದು. ಇಲ್ಲಿ ಪ್ರತಿ ಆ್ಯಪ್‌ಗೂ ಬೇರೆ ಸ್ಲೈಡರ್ ಇದೆ. ವಿಡಿಯೊ ಪ್ಲೇಯರ್‌ನೊಳಗಿನ ವಾಲ್ಯೂಮ್, ಮಿಕ್ಸರ್‌ನಲ್ಲಿ ಬ್ರೌಸರ್‌ನ ವಾಲ್ಯೂಮ್, ಮುಖ್ಯ ವಾಲ್ಯೂಮ್, ಕೊನೆಗೆ ಸ್ಪೀಕರ್‌ನ ನಾಬ್, ಇವು ಒಂದೇ ಪೈಪಿನ ನಾಲ್ಕು ನಲ್ಲಿಗಳ ಹಾಗೆ. ಒಂದು ಮುಚ್ಚಿದರೂ ಹನಿ ಬರುವುದಿಲ್ಲ. ಎಲ್ಲವನ್ನೂ ಅರ್ಧರ್ಧ ಇಟ್ಟರೆ ಪಿಸುಮಾತಷ್ಟೇ ಕೇಳುತ್ತದೆ. ಪ್ಲೇಯರ್ ಮತ್ತು ಮಿಕ್ಸರ್‌ನದು 100ಕ್ಕೆ ಇಡಿ, ಆದರೆ ಅದಕ್ಕೂ ಮುಂಚೆ ಮುಖ್ಯ ವಾಲ್ಯೂಮ್ ಇಳಿಸಿ, ಇಲ್ಲದಿದ್ದರೆ ಕಿವಿ ಒಡೆದ ಹಾಗಾಗುತ್ತದೆ. ಆಮೇಲೆ ಹೆಚ್ಚು ಕಡಿಮೆ ಮಾಡುವುದೆಲ್ಲ ಮುಖ್ಯ ವಾಲ್ಯೂಮ್‌ನಲ್ಲೇ ಮಾಡಿ.

ವಿಂಡೋಸ್ 11ರಲ್ಲಿ ಆ್ಯಪ್ ಪಕ್ಕದ ಬಾಣವನ್ನೂ ಒತ್ತಿ ನೋಡಿ. ಯಾವತ್ತೋ ಆ ಆ್ಯಪ್ ಒಂದನ್ನೇ ಹೆಡ್‌ಫೋನ್‌ಗೆ ಕೊಟ್ಟು ಮರೆತಿರಬಹುದು, ಅಲ್ವಾ? ಅದನ್ನು ಡಿಫಾಲ್ಟ್‌ಗೆ ತನ್ನಿ. ಏನೂ ತಿಳಿಯದಷ್ಟು ಗೋಜಲಾಗಿದ್ದರೆ ಅಲ್ಲೇ ರಿಸೆಟ್ ಬಟನ್ ಇದೆ, ಧೈರ್ಯವಾಗಿ ಒತ್ತಿ. ಬ್ರೌಸರ್‌ನಲ್ಲಿ ಒಂದೇ ಸೈಟ್ ಮೂಕವಾಗಿದ್ದರೆ ಅದರ ಟ್ಯಾಬ್ ಮೇಲೆ ರೈಟ್ ಕ್ಲಿಕ್ ಮಾಡಿ, ಮ್ಯೂಟ್ ಆಗಿದ್ದರೆ ತೆಗೆಯಿರಿ.

ಕರೆಯಲ್ಲಿ ಮಾತಾಡುವಾಗ ಹಾಡು ತಾನಾಗಿ ಸಣ್ಣದಾಗುತ್ತದೆ ಅನ್ನುವವರು ಹಳೆಯ ಕಂಟ್ರೋಲ್ ಪ್ಯಾನೆಲ್‌ನ ಸೌಂಡ್ ತೆರೆದು ಕಮ್ಯುನಿಕೇಷನ್ಸ್ ಟ್ಯಾಬ್ ನೋಡಿ. ಉಳಿದ ಸೌಂಡನ್ನು 80% ಇಳಿಸು ಅಂತ ಮೊದಲಿಂದಲೇ ಇರುತ್ತದೆ. ಡೂ ನಥಿಂಗ್ ಆರಿಸಿ.

ಲಿನಕ್ಸ್‌ನವರು ಟರ್ಮಿನಲ್‌ನಲ್ಲಿ ಆಲ್ಸಾಮಿಕ್ಸರ್ (alsamixer) ತೆರೆಯಿರಿ, ವಾಲ್ಯೂಮ್ ತೋರಿಸುವ ಪಟ್ಟಿಯ ಕೆಳಗೆ ಎಂಎಂ (MM) ಅಂತ ಇದ್ದರೆ ಎಂ ಕೀ ಒತ್ತಿ, ಮ್ಯೂಟ್ ಹೋಗುತ್ತದೆ.

ಸೌಂಡ್ ಸಾಲದು ಅಂತ ವಾಲ್ಯೂಮ್ ಬೂಸ್ಟರ್ ಹಾಕಿಕೊಳ್ಳಬೇಡಿ. ಅದು ಸೌಂಡ್ ಅಲೆಯ ತುದಿಗಳನ್ನೇ ಕತ್ತರಿಸುತ್ತದೆ, ದನಿ ಒಡೆದು ಕರಕರ ಅನ್ನುತ್ತದೆ. ಡ್ರೈವರ್ ತಾನಾಗಿ ಹುಡುಕಿ ಕೊಡುತ್ತೇವೆ ಅನ್ನುವ ಪ್ರೋಗ್ರಾಮ್‌ಗಳನ್ನೂ ದೂರ ಇಡಿ. ಇಷ್ಟೆಲ್ಲ ಆದರೂ ಸದ್ದಿಲ್ಲ ಅಂದರೆ ಸ್ಟಾರ್ಟ್ ಮೆನುವಿನಲ್ಲಿ ಸರ್ವಿಸಸ್ (ಹಿನ್ನೆಲೆಯಲ್ಲಿ ಓಡುವ ವಿಂಡೋಸ್ ಕೆಲಸಗಳ ಪಟ್ಟಿ) ತೆರೆದು ಅದರಲ್ಲಿ ವಿಂಡೋಸ್ ಆಡಿಯೊ ರೀಸ್ಟಾರ್ಟ್ ಮಾಡಿ. ಅದಕ್ಕೂ ಬಗ್ಗದಿದ್ದರೆ ಮಾತ್ರ ಡ್ರೈವರ್, ಅದೂ ಕಂಪ್ಯೂಟರ್ ಅಥವಾ ಮದರ್‌ಬೋರ್ಡ್ ತಯಾರಿಸಿದವರ ಸ್ವಂತ ಸೈಟ್‌ನಿಂದ.