ಆವರೇಜ್ ಹಾಕುವ ಮೊದ್ಲು ಡೇಟಾದ ಶೇಪ್ ನೋಡಿ

ನಂಬರ್ ಕೈಗೆ ಸಿಕ್ಕಿದ ಕೂಡ್ಲೇ ಆವರೇಜ್ ಹಾಕ್ಲಿಕ್ಕೆ ಹೋಗ್ಬೇಡಿ ಮಾರಾಯ್ರೆ, ಮೊದ್ಲು ಹಿಸ್ಟೋಗ್ರಾಮ್ ಹಾಕಿ, ಅಂದ್ರೆ ನಂಬರುಗಳನ್ನ ಸಣ್ಣ ಸಣ್ಣ ಗುಂಪು ಮಾಡಿ ಯಾವುದ್ರಲ್ಲಿ ಎಷ್ಟು ಉಂಟು ಅಂತ ಕಂಬ ನಿಲ್ಸೋದು.

ನಮ್ಮ ಕಾಸರಗೋಡಿನ ಮಳೆಯನ್ನೇ ತಗೊಳ್ಳಿ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್, 365ರಿಂದ ಭಾಗ ಮಾಡಿದ್ರೆ ದಿನಕ್ಕೆ 9.6 ಬರ್ತದೆ, ಆದ್ರೆ ಹಾಗೆ ದಿನಾ ಒಂದೇ ಸಮ ಮಳೆ ಎಲ್ಲಿ ಬರ್ತದೆ ಹೇಳಿ? ಡಿಸೆಂಬರಿಂದ ಮಾರ್ಚ್‌ವರೆಗೆ ಹೆಚ್ಚುಕಮ್ಮಿ ಸೊನ್ನೆ, ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್ ಹೊತ್ತಿಗೆ) ಕೆಲವು ದಿನ ನೂರು ದಾಟ್ತದೆ. ಗ್ರಾಫಲ್ಲಿ ಎಡಗಡೆ ದೊಡ್ಡ ಕಂಬ, ಬಲಕ್ಕೆ ಉದ್ದ ಬಾಲ. ಇದೇ ರೈಟ್ ಸ್ಕ್ಯೂ. ಆ ಬಾಲ ಆವರೇಜನ್ನ ತನ್ನ ಕಡೆ ಎಳೀತದೆ, ಹಾಗಾಗಿ ಇಂಥಲ್ಲಿ ಮೀಡಿಯನ್ ನೋಡ್ಬೇಕು, ಅಂದ್ರೆ ನಂಬರುಗಳನ್ನ ಸಣ್ಣದ್ರಿಂದ ದೊಡ್ಡದಕ್ಕೆ ಸಾಲಾಗಿ ಇಟ್ರೆ ಸರಿ ನಡುವಲ್ಲಿ ಬರುವ ನಂಬರ್. ಸುಲಭದ ಪರೀಕ್ಷೆಯ ಮಾರ್ಕು ಇದಕ್ಕೆ ಉಲ್ಟಾ, ಬಾಲ ಎಡಕ್ಕೆ.

ಎರಡು ಗುಡ್ಡ ಕಂಡ್ರೆ ಮಾತ್ರ ನಿಲ್ಲಿ, ಎರಡು ಬೇರೆ ಜಾತಿ ಸೇರಿರ್ಬಹುದು. ತೋಟದಲ್ಲಿ ಗಿಡ್ಡ ತಳಿ, ಎತ್ತರದ ತಳಿ ತೆಂಗು ಒಟ್ಟಿಗೆ ಅಳೆದ್ರೆ ಹೀಗೇ ಆಗೋದು, ಆವರೇಜ್ ಎತ್ತರದ ಮರ ತೋಟದಲ್ಲಿ ಒಂದೂ ಇರ್ಲಿಕ್ಕಿಲ್ಲ! ಬೇರೆ ಬೇರೆ ಮಾಡಿಯೇ ಲೆಕ್ಕ ಹಾಕಿ.

ಗಂಟೆಯ ಹಾಗೆ ಎರಡೂ ಕಡೆ ಸಮ ಇಳಿದ್ರೆ ನಾರ್ಮಲ್, ಆವರೇಜಿನ ಆಚೆ ಈಚೆ ಒಂದು ಸ್ಟ್ಯಾಂಡರ್ಡ್ ಡೀವಿಯೇಶನ್ (ನಂಬರುಗಳು ಆವರೇಜಿಂದ ಸಾಮಾನ್ಯವಾಗಿ ಎಷ್ಟು ದೂರ ಹರಡಿವೆ ಅನ್ನುವ ಅಳತೆ) ಒಳಗೆ ಸುಮಾರು 68% ನಂಬರುಗಳು, ಎರಡರೊಳಗೆ 95%. ದಾಳ ತುಂಬ ಸಲ ಎಸೆದ್ರೆ ಎಲ್ಲಾ ಕಂಬ ಹೆಚ್ಚುಕಮ್ಮಿ ಒಂದೇ ಎತ್ತರ, ಅದು ಯೂನಿಫಾರ್ಮ್.

ಇನ್ನೊಂದು, ಗುಂಪಿನ ಅಗಲ ಬದಲಾಯ್ಸಿ ಎರಡು ಮೂರು ಸಲ ಹಾಕಿ ನೋಡಿ, ತೀರಾ ಅಗಲ ಮಾಡಿದ್ರೆ ಎರಡು ಗುಡ್ಡ ಒಂದಾಗಿ ಕಾಣ್ತದೆ.