ಗಲ್ಫ್‌ಗೆ ಹೊರಟಿದ್ದೀರಾ? ದುಡ್ಡು ಕೊಡುವ ಮುಂಚೆ ಇಷ್ಟು ನೋಡಿ

ಗುಳೆ ಅಂದರೆ ಏನು ಅಂತ ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಮಳೆ ಕೈಕೊಟ್ಟ ವರ್ಷ ದೇವದುರ್ಗ, ಲಿಂಗಸುಗೂರು, ಕುಷ್ಟಗಿ ಕಡೆಯ ಹಳ್ಳಿಗಳಲ್ಲಿ ಮನೆಮನೆಗೂ ಬೀಗ ಬೀಳುತ್ತದೆ. ಬೆಂಗಳೂರು, ಹೈದರಾಬಾದ್, ಪುಣೆ ಬಸ್ಸುಗಳು ತುಂಬುತ್ತವೆ. ಹಾಗಂತ ಇಲ್ಲಿಗೆ ಬಂದು ನೆಲೆಸಿದವರೂ ಕಡಿಮೆ ಇಲ್ಲ. ತುಂಗಭದ್ರಾ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದ ರೈತರು ಬಂದು ಕ್ಯಾಂಪ್‌ಗಳನ್ನು ಕಟ್ಟಿಕೊಂಡರು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳು ಸಿಂಧನೂರಿನ ಆರ್.ಎಚ್. (ಪುನರ್ವಸತಿ) ಕ್ಯಾಂಪ್‌ಗಳಲ್ಲಿ ಬೇರು ಬಿಟ್ಟವು.

ಈಗ ನಮ್ಮ ಹುಡುಗರ ಬಾಯಲ್ಲಿ ದುಬೈ, ಸೌದಿ ಮಾತು ಜಾಸ್ತಿ. ಹೋಗಬೇಡಿ ಅಂತ ನಾನು ಹೇಳುವುದಿಲ್ಲ. ವಿಶ್ವಸಂಸ್ಥೆಯ ಲೆಕ್ಕದಂತೆ ತಾವು ಹುಟ್ಟಿದ ದೇಶ ಬಿಟ್ಟು ಬೇರೆ ದೇಶದಲ್ಲಿ ಇದ್ದವರು 2024ರಲ್ಲಿ 30.4 ಕೋಟಿ ಜನ. ಅವರಲ್ಲಿ ಸುಮಾರು 1.85 ಕೋಟಿ ಜನ ನಮ್ಮ ದೇಶದವರು, ಜಗತ್ತಿನಲ್ಲೇ ಹೆಚ್ಚು. ಆದರೆ ಹೋಗುವ ದಾರಿ ಸರಿಯಾಗಿರಬೇಕು.

ಕಳೆದ ವರ್ಷ ನಮ್ಮ ಓಣಿಯ ಹುಡುಗನೊಬ್ಬ ಫೋನ್ ಹಿಡಿದು ಬಂದ. "ವೀಸಾ ಬಂದೈತಣ್ಣ, ನೋಡು" ಅಂದ. ಮುಖದಲ್ಲಿ ಜಾತ್ರೆಯ ಸಂಭ್ರಮ. ಪರದೆಯ ಮೇಲೆ ಎರಡು ಬೆರಳಿಟ್ಟು ಅಕ್ಷರ ದೊಡ್ಡದು ಮಾಡಿ ನೋಡಿದೆ. ಇಂಗ್ಲಿಷ್‌ನಲ್ಲಿ 'ವಿಸಿಟ್' ಅಂತಿತ್ತು, 60 ದಿನ. ಕೆಲಸದ ವೀಸಾ ಅಲ್ಲವೇ ಅಲ್ಲ. ಅವನ ಅವ್ವ ಬಂಗಾರ ಒತ್ತೆ ಇಟ್ಟು ಕೊಟ್ಟ ದುಡ್ಡು ಅಷ್ಟೊತ್ತಿಗೆ ಏಜೆಂಟನ ಕೈ ಸೇರಿ ತಿಂಗಳಾಗಿತ್ತು.

ಹಾಗಾಗಿ ಮೊದಲು ಮಾಡಬೇಕಾದ್ದು, ಹೋಗುವ ದೇಶದ ಬಾಗಿಲು ಹೇಗೆ ತೆರೆಯುತ್ತದೆ ಅಂತ ತಿಳಿಯುವುದು. ಎಲ್ಲ ದೇಶವೂ ಒಂದೇ ಥರ ಇರುವುದಿಲ್ಲ. ಕೆನಡಾ ವಯಸ್ಸು, ಓದು, ಭಾಷೆ, ಅನುಭವಕ್ಕೆ ಅಂಕ ಹಾಕಿ ಜನರನ್ನು ಆರಿಸುತ್ತದೆ. ಆಯ್ಕೆಯಾದವರು ಅಲ್ಲೇ ಕಾಯಂ ಉಳಿಯಬಹುದು, ಮುಂದೆ ಪೌರತ್ವವನ್ನೂ ಕೇಳಬಹುದು. ಹೆಚ್ಚು ಓದಿದವರಿಗೆ ಅಮೆರಿಕ ಕೊಡುವ ಎಚ್-1ಬಿ ಕೆಲಸದ ವೀಸಾಕ್ಕೆ ವರ್ಷಕ್ಕೆ 85,000ದ ಮಿತಿ ಇದೆ, ಅರ್ಜಿ ಹೆಚ್ಚಾದರೆ ಲಾಟರಿ ಎತ್ತುತ್ತಾರೆ. ಜರ್ಮನಿಗೆ ದುಡಿಯುವ ಕೈ ಸಾಲದು. 2024ರ ಜೂನ್‌ನಿಂದ ಓದು, ಕಸುಬು ಇದ್ದವರಿಗೆ ಅಲ್ಲಿಗೇ ಹೋಗಿ ಒಂದು ವರ್ಷದವರೆಗೆ ಕೆಲಸ ಹುಡುಕುವ ಅವಕಾಶ ಕೊಟ್ಟಿದೆ.

ಗಲ್ಫ್ ಲೆಕ್ಕವೇ ಬೇರೆ. ದುಬೈ ಇರುವ ಯುಎಇ ದೇಶದಲ್ಲಿ ಹತ್ತು ಜನರಲ್ಲಿ ಹತ್ತಿರ ಹತ್ತಿರ ಒಂಬತ್ತು ಜನ ಹೊರಗಿನವರು. ಆದರೂ ಕೂಲಿಗೆ ಹೋದವರಿಗೆ ಪೌರತ್ವದ ಮಾತೇ ಇಲ್ಲ. ಕೆಲಸ ಇದ್ದರೆ ವಾಸ, ಇಲ್ಲದಿದ್ದರೆ ವಾಪಸ್. ಮಾಲೀಕ ಬದಲಾಯಿಸುವುದನ್ನು ಕತಾರ್ 2020ರಲ್ಲಿ, ಸೌದಿ 2021ರಲ್ಲಿ ಸ್ವಲ್ಪ ಸಲೀಸು ಮಾಡಿದವು. ಆದರೆ ಸೌದಿಯ ಆ ಬದಲಾವಣೆ ಮನೆಗೆಲಸದವರಿಗೆ, ಮನೆ ಡ್ರೈವರ್‌ಗಳಿಗೆ, ಕುರಿ ಕಾಯುವವರಿಗೆ ಸಿಗಲಿಲ್ಲ. ನಮ್ಮ ಕಡೆಯಿಂದ ಇಂಥ ಕೆಲಸಕ್ಕೇ ಹೋಗುವವರು ಈ ಮಾತನ್ನು ಇನ್ನೊಮ್ಮೆ ಓದಿಕೊಳ್ಳಿ. ಅಲ್ಲಿ ಹೋಗಿ ನೋಡೋಣ ಅನ್ನುವ ಧೈರ್ಯ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಇಲ್ಲಿಂದ ಹೊರಡುವ ಮುಂಚೆಯೇ ಮಾಲೀಕ ಯಾರು ಅಂತ ಗೊತ್ತಿರಬೇಕು.

ಇನ್ನು ನಿಮ್ಮ ಪಾಸ್‌ಪೋರ್ಟ್ ತೆಗೆದು ಪುಟ ತಿರುವಿ ನೋಡಿ. 'ಇಸಿಆರ್', ಅಂದರೆ ವಲಸೆ ತಪಾಸಣೆ ಬೇಕು ಅಂತ ಇದೆಯಾ? ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್‌ನಲ್ಲಿ ಸಾಮಾನ್ಯವಾಗಿ ಇರುತ್ತದೆ. ಇದ್ದರೆ ಸೌದಿ, ಯುಎಇ, ಕುವೈತ್, ಕತಾರ್, ಒಮಾನ್, ಬಹ್ರೇನ್, ಮಲೇಷ್ಯಾ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಲು ಸರ್ಕಾರದ ಅನುಮತಿ ಬೇಕು. ಇದು 1983ರ ಕಾನೂನು. ಇದನ್ನು ಕಿರಿಕಿರಿ ಅಂದುಕೊಳ್ಳಬೇಡಿ. ಆ ಅನುಮತಿ ಸಿಗಬೇಕಾದರೆ ಸಂಬಳ, ಕೆಲಸ, ಮಾಲೀಕನ ವಿವರ ಇರುವ ಕರಾರುಪತ್ರ ತೋರಿಸಲೇಬೇಕು. ಅದನ್ನು ತಪ್ಪಿಸಲಿಕ್ಕೇ ಏಜೆಂಟರು ವಿಸಿಟ್ ವೀಸಾ ಕೊಟ್ಟು ವಿಮಾನ ಹತ್ತಿಸುವುದು. ನೀವು ಎಸ್ಸೆಸ್ಸೆಲ್ಸಿ ಪಾಸಾಗಿದ್ದೂ ಇಸಿಆರ್ ಇದ್ದರೆ, ಅಂಕಪಟ್ಟಿ ಕೊಟ್ಟು ಪಾಸ್‌ಪೋರ್ಟ್ ಬದಲಿಸಿಕೊಳ್ಳಿ. ಇಸಿಆರ್ ಇರುವ ಹೆಣ್ಣುಮಕ್ಕಳಿಗೆ 30 ವರ್ಷ ತುಂಬುವವರೆಗೆ ಈ ದೇಶಗಳಿಗೆ ಕೆಲಸದ ಅನುಮತಿ ಕೊಡುವುದಿಲ್ಲ. ಕೊಡಿಸುತ್ತೇನೆ ಅಂದವನನ್ನು ನಂಬಬೇಡಿ.

ಏಜೆಂಟನಿಗೆ ಲೈಸೆನ್ಸ್ ಇದೆಯಾ ಅಂತ ನೋಡುವುದು ಐದು ನಿಮಿಷದ ಕೆಲಸ. ವಿದೇಶಾಂಗ ಸಚಿವಾಲಯದ 'ಇ-ಮೈಗ್ರೇಟ್' ವೆಬ್‌ಸೈಟ್‌ನಲ್ಲಿ ನೋಂದಾಯಿತ ಏಜೆಂಟರ ಪಟ್ಟಿ ಇದೆ. ಅವನ ಹೆಸರು ಅಲ್ಲಿ ಇಲ್ಲದಿದ್ದರೆ ಮಾತು ಅಲ್ಲಿಗೇ ಮುಗಿಸಿ. ಇದ್ದರೂ ಸೇವಾ ಶುಲ್ಕ ಅಂತ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ. ರಸೀದಿ ಕೇಳಿ. ನಮ್ಮೂರವನೇ, ನಮ್ಮ ಬೀಗರ ಕಡೆಯವನೇ ಅಂತ ಸುಮ್ನೆ ಕೈಗೆ ನಗದು ಕೊಟ್ಟವರು ಆಮೇಲೆ ಯಾರ ಮುಂದೆ ಕೇಳಬೇಕು ಹೇಳಿ? ಓಣಿಯ ಆ ಹುಡುಗನ ಬಳಿ ಒಂದು ಚೀಟಿ ಕೂಡ ಇರಲಿಲ್ಲ.

ಕರಾರುಪತ್ರವನ್ನು ಓದಲು ಬಾರದಿದ್ದರೆ ಊರಿನ ಮೇಷ್ಟ್ರ ಹತ್ತಿರ ಕೂತು ಓದಿಸಿ. ತಿಂಗಳ ಸಂಬಳ ಯಾವ ದೇಶದ ದುಡ್ಡಿನಲ್ಲಿ, ದಿನಕ್ಕೆ ಎಷ್ಟು ತಾಸು, ಊಟ ಮತ್ತು ವಸತಿ ಯಾರದು, ತಿರುಗಿ ಬರುವ ಟಿಕೆಟ್ ಯಾರದು. ಈ ನಾಲ್ಕು ಸ್ಪಷ್ಟವಾಗಿರಬೇಕು. ಗೌಂಡಿ ಕೆಲಸ ಅಂತ ಇಲ್ಲಿ ಹೇಳಿ, ಕಾಗದದಲ್ಲಿ ಬರೀ 'ಲೇಬರ್' ಅಂತಿದ್ದರೆ ಅಲ್ಲಿ ಸಿಗುವುದು ಲೇಬರ್ ಸಂಬಳವೇ.

ಪ್ರವಾಸಿ ಭಾರತೀಯ ಬಿಮಾ ಯೋಜನೆ ಅನ್ನುವ ವಿಮೆ ಮಾಡಿಸಿ. ಎರಡು ವರ್ಷಕ್ಕೆ 275 ರೂಪಾಯಿ. ಅಪಘಾತದಲ್ಲಿ ಜೀವ ಹೋದರೆ ಅಥವಾ ಶಾಶ್ವತ ಅಂಗವೈಕಲ್ಯವಾದರೆ 10 ಲಕ್ಷದವರೆಗೆ ಸಿಗುತ್ತದೆ. ಇಸಿಆರ್ ಇರುವವರಿಗೆ ಇದು ಕಡ್ಡಾಯ.

ಅಲ್ಲಿ ಇಳಿದ ಮೇಲೆ ಪಾಸ್‌ಪೋರ್ಟ್ ನಿಮ್ಮ ಬಳಿಯೇ ಇರಲಿ. ಮಾಲೀಕ ಅದನ್ನು ಕಿತ್ತಿಟ್ಟುಕೊಳ್ಳುವುದು ಯುಎಇ, ಸೌದಿ, ಕತಾರ್ ಕಾನೂನಿನಲ್ಲೂ ತಪ್ಪು.

ಹೊರಡುವ ಹಿಂದಿನ ರಾತ್ರಿ ಬ್ಯಾಗ್ ಕಟ್ಟುವ ಗದ್ದಲದಲ್ಲಿ ಈ ಒಂದನ್ನು ಮರೆಯುವವರೇ ಜಾಸ್ತಿ. ಪಾಸ್‌ಪೋರ್ಟ್, ವೀಸಾ, ಕರಾರುಪತ್ರ, ವಿಮೆಯ ಜೆರಾಕ್ಸ್ ಮಾಡಿಸಿ ಮನೆಯಲ್ಲಿಡಿ. ಕಂಪನಿಯ ಹೆಸರು, ಅಲ್ಲಿನ ಊರು, ಏಜೆಂಟನ ಲೈಸೆನ್ಸ್ ನಂಬರ್ ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಯ ಕ್ಯಾಲೆಂಡರ್ ಹಿಂದೆ ಅಂಟಿಸಿ. ಕೆಳಗೆ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ಸಹಾಯವಾಣಿ 1800 11 3090 ಬರೆಯಿರಿ. ನಿಮ್ಮ ಫೋನ್ ನಾಲ್ಕು ದಿನ ಹತ್ತದಿದ್ದರೆ, ಅವ್ವ ಪಕ್ಕದ ಮನೆಯವರನ್ನು ಕರೆದು ತೋರಿಸುವುದು ಆ ಹಾಳೆಯನ್ನೇ.