ಎರಡು ಪ್ಯಾರಾದ ಪತ್ರಕ್ಕೆ ಎರಡು ಡ್ರಮ್ಮು ದ್ರಾವಣ

ನಮ್ಮ ಕಡೆ ಅಡಿಕೆ ಬೆಳೆಗಾರರಲ್ಲಿ ಬರೆಯುವವರಿಗೆ ಕೊರತೆ ಇಲ್ಲ. ಪುತ್ತೂರಿನಲ್ಲಿ 1988ರಲ್ಲಿ ಅಡಿಕೆ ಪತ್ರಿಕೆ ಶುರುವಾಗಿ, ಕೃಷಿಕರೇ ಬರೆಯಬೇಕು ಅಂತ ಹಟ ಹಿಡಿದ ಮೇಲಂತೂ ತೋಟದವರ ಕೈಗೆ ಪೆನ್ನು ಬಂತು. ಹಾಗಾಗಿ ಓದುಗರ ಪತ್ರ ಬರೆಯುವುದು ಹೇಗೆ ಅಂತ ನಾನು ಹೇಳಬೇಕಾಗಿಲ್ಲ. ನನ್ನ ಪತ್ರಕ್ಕೆ ತೂಕ ಬಂದದ್ದು ಹೇಗೆ ಅನ್ನುವುದಷ್ಟೇ ಇಲ್ಲಿದೆ.

ಸುಮಾರು ಆರೇಳು ವರ್ಷ ನಾನು ಬರೆದ ಪತ್ರಗಳಲ್ಲಿ ಮುಕ್ಕಾಲು ಪಾಲು ಅಚ್ಚಾಗಲಿಲ್ಲ. ಅಚ್ಚಾದವೂ ಮೂರು ಸಾಲಿಗೆ ಇಳಿದಿದ್ದವು. ಚುರುಕಾಗಿ ಬರೆದು ನೋಡಿದೆ, ಆಗಲಿಲ್ಲ. ಉದ್ದ ಬರೆದೆ, ಅದೂ ಆಗಲಿಲ್ಲ. ಗಾದೆ ಸೇರಿಸಿ ನೋಡಿದ್ದೂ ಆಯಿತು. ಪಕ್ಕದ ತೋಟದ ಭಾವ ಅಂತೂ, "ನೀನು ಎಷ್ಟು ಬರೆದರೂ ಕೊಳೆರೋಗ ಬರುವುದು ಬಂದೇ ಬರ್ತದೆ ಮಾರಾಯ" ಅನ್ನುತ್ತಿದ್ದರು.

ಒಂದು ಮಳೆಗಾಲದಲ್ಲಿ, ಅಡಿಕೆ ಕಾಯಿ ಕೊಳೆತು ಉದುರುವ ಈ ಕೊಳೆರೋಗ ಜೋರಾಯಿತು. ಎರಡು ಸಲ ಮದ್ದು, ಅಂದರೆ ಮೈಲುತುತ್ತು (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಸೇರಿಸಿದ ಬೋರ್ಡೊ ದ್ರಾವಣ, ಬಿಟ್ಟವರ ತೋಟದಲ್ಲೂ ಕಾಯಿ ಉದುರಿತು. ಪತ್ರಿಕೆಯಲ್ಲಿ ವಾದ ಶುರುವಾಯಿತು. ಎಲ್ಲರದ್ದೂ ಒಂದೇ ಮಾತು: ಮೈಲುತುತ್ತು ಕಳಪೆ. ನಾನು ಆಗಲೇ ಒಂದು ಪತ್ರ ಗೀಚಿ ಇಟ್ಟಿದ್ದೆ. "ಕಳಪೆ ಮೈಲುತುತ್ತಿನ ಹಾವಳಿ ಜಾಸ್ತಿಯಾಗಿದ್ದು, ಸಂಬಂಧಪಟ್ಟವರು ಗಮನ ಹರಿಸಬೇಕು." ಇದನ್ನು ಯಾರು ಬೇಕಾದರೂ ಬರೆಯಬಹುದು, ಅಲ್ವಾ? ತೋಟ ಇಲ್ಲದವರೂ ಬರೆಯಬಹುದು. ಅದನ್ನು ಕಳಿಸಲಿಲ್ಲ.

ಬದಲಿಗೆ ಎರಡು ಅಂಗಡಿಯಿಂದ ಮೈಲುತುತ್ತು ತಂದೆ. ಆಗ ಕಿಲೋಗೆ 250ರ ಆಸುಪಾಸು ಇತ್ತು. ಹೊಸ ಸುಣ್ಣ ಸ್ವಲ್ಪ, ಕೊಟ್ಟಿಗೆಯಲ್ಲಿ ಹಿಂದಿನ ವರ್ಷ ಉಳಿದು ಗಾಳಿಗೆ ಪುಡಿಯಾಗಿದ್ದ ಸುಣ್ಣ ಸ್ವಲ್ಪ. ಕಿಲೋಗೆ ಕಿಲೋ, 100 ಲೀಟರ್ ನೀರು, ನೀವೆಲ್ಲ ಮಾಡುವ ಹಾಗೇ. ಉಜ್ಜಿ ಹೊಳಪು ಬರಿಸಿದ ಕತ್ತಿ ಅದ್ದಿ ನೋಡಿದೆ, ಸುಣ್ಣದ ಶಕ್ತಿ ಸಾಲದಿದ್ದರೆ ಕತ್ತಿಗೆ ತಾಮ್ರದ ಕೆಂಪು ಹಿಡಿಯುತ್ತದೆ. ಅಂಗಡಿ ಬದಲಾಯಿಸಿದಾಗ ಏನೂ ವ್ಯತ್ಯಾಸ ಕಾಣಲಿಲ್ಲ. ಸುಣ್ಣ ಬದಲಾಯಿಸಿದಾಗ ಕಂಡಿತು. ಲಿಟ್ಮಸ್ ಕಾಗದವೂ ಅದನ್ನೇ ಹೇಳಿತು. ಎಲ್ಲ ಸೇರಿ 800 ರೂಪಾಯಿಯಷ್ಟು ಖರ್ಚು. ಮನೆಯಲ್ಲಿ, "ಒಂದು ಪತ್ರಕ್ಕೆ ಇಷ್ಟಾ?" ಅಂದರು.

ಆಮೇಲೆ ಬರೆದದ್ದು ಹೀಗಿತ್ತು: "ಮೈಲುತುತ್ತು ಒಂದೇ, ಸುಣ್ಣ ಎರಡು. ಹೊಸ ಸುಣ್ಣದ ಡ್ರಮ್ಮಿನಲ್ಲಿ ಕತ್ತಿ ಹಾಗೇ ಇತ್ತು. ಹಳೆಯದರಲ್ಲಿ ಒಂದು ನಿಮಿಷದೊಳಗೆ ಕೆಂಪು ತಿರುಗಿತು." ಗಾಳಿಗೆ ಬಿಟ್ಟ ಸುಣ್ಣ ಕಾರ್ಬೊನೇಟ್ ಆಗಿ ಶಕ್ತಿ ಕಳೆದುಕೊಳ್ಳುತ್ತದೆ ಅಂತ ಇನ್ನೊಂದು ಸಾಲು. ಮದ್ದು ಬಿಟ್ಟ ತಾರೀಕು, ಆಮೇಲೆ ಮಳೆ ಎಷ್ಟು ಗಂಟೆ ಬಿಡುವು ಕೊಟ್ಟಿತು ಅಂತ ಇನ್ನೆರಡು. ಮಳೆ ಮಾಪಕ ಮನೆಯಲ್ಲಿ ಮೊದಲಿಂದಲೂ ಇದೆ, ಆ ಲೆಕ್ಕ ಸುಮ್ನೆ ಪುಸ್ತಕದಲ್ಲಿ ಬಿದ್ದಿತ್ತು.

ಒಂದಕ್ಷರ ಕತ್ತರಿಸದೆ ಅಚ್ಚಾಯಿತು. ಎರಡು ವಾರ ಫೋನ್ ನಿಲ್ಲಲಿಲ್ಲ. ಶೃಂಗೇರಿ, ಶಿರಸಿ ಕಡೆಯಿಂದಲೂ ಕೇಳಿದರು. ಭಾವ ತಾವೇ ಬಂದು ತಮ್ಮ ಸುಣ್ಣ ಪರೀಕ್ಷೆ ಮಾಡಿಸಿಕೊಂಡು ಹೋದರು. ಮುಂದಿನ ವರ್ಷ ಅವರು ಮೂರನೇ ಸಲ ಮದ್ದು ಬಿಡಲಿಲ್ಲ. 1500 ಮರಕ್ಕೆ ಮದ್ದು, ಕೂಲಿ ಎಲ್ಲ ಸೇರಿ 20 ಸಾವಿರದ ಹತ್ತಿರ ಉಳಿದಿರಬೇಕು. ಆ ವರ್ಷ ಮಳೆಯೂ ಸ್ವಲ್ಪ ಬಿಡುವು ಕೊಟ್ಟಿತ್ತು, ಅದನ್ನೂ ಹೇಳಬೇಕು.

ಅಲ್ಲಿಂದ ಈಚೆಗೆ ನಾನು ಬರೆದದ್ದು ಕಸದ ಬುಟ್ಟಿಗೆ ಹೋದದ್ದು ಬಹಳ ಕಮ್ಮಿ. ವರ್ಷಕ್ಕೆ ಐದಾರು ಪತ್ರ ಅಷ್ಟೇ, ಮೊದಲು ತಿಂಗಳಿಗೆ ಅಷ್ಟು ಬರೆಯುತ್ತಿದ್ದೆ. ಕೈಯಿಂದ ಮಾಡಿ ನೋಡದ ವಿಷಯ ಮುಟ್ಟುವುದಿಲ್ಲ. ಇನ್ನೊಬ್ಬರಿಗೆ ಉತ್ತರ ಕೊಡುವುದಿದ್ದರೆ, ಅವರ ವಾದವನ್ನು ಅವರಿಗಿಂತ ಚೆನ್ನಾಗಿ ಮೊದಲು ಬರೆಯುತ್ತೇನೆ. ಓದಿದವರು "ಹೌದು, ನಾನು ಹೇಳಿದ್ದು ಇದೇ" ಅನ್ನಬೇಕು. ಆಮೇಲೆ ನನ್ನದು. ಇದರಿಂದ ಜಗಳ ಅರ್ಧಕ್ಕರ್ಧ ಇಳಿಯಿತು. ಮೊದಲ ಸಾಲನ್ನು ಆರಿಸಲು ನನ್ನದೇ ಒಂದು ಉಪಾಯ ಇದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನಡುವೆ ಬೇರೆ ಪ್ರಯೋಗಗಳೂ ಆದವು. ಫೋನಿಗೆ ಬಾಯಲ್ಲಿ ಹೇಳಿ ಬರೆಸಿದರೆ ಮಾತು ಮೂರು ಪಟ್ಟು ಬೆಳೆಯುತ್ತದೆ, ಬಿಟ್ಟೆ. ಒಮ್ಮೆ ಇತಿಹಾಸ ಸೇರಿಸಿದೆ. ಮೈಸೂರು ಸಂಸ್ಥಾನದಲ್ಲಿ 1910ರ ಸುಮಾರಿಗೆ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗದ ಬಗ್ಗೆ ಕೆಲಸ ಮಾಡಿ ಬೋರ್ಡೊ ದ್ರಾವಣ ಸಿಂಪಡಿಸಲು ಹೇಳಿದ್ದು, ಅದಕ್ಕೂ ಮೊದಲು ಮಲೆನಾಡಿನಲ್ಲಿ ಮಳೆ ತಾಗದ ಹಾಗೆ ಗೊನೆಗೆ ಕೊಟ್ಟೆ (ಹೊದಿಕೆ) ಕಟ್ಟುತ್ತಿದ್ದದ್ದು. ನನಗೆ ಬಹಳ ಇಷ್ಟದ ವಿಷಯ. ಸಂಪಾದಕರು ಆ ಪ್ಯಾರಾ ಒಂದನ್ನೇ ಎತ್ತಿ ಬಿಸಾಡಿದರು. ಅದೇ ಪ್ಯಾರಾವನ್ನು ಬೆಳೆಸಿ ಒಂದು ಮಾಸಿಕಕ್ಕೆ ಕಳಿಸಿದೆ, 400 ರೂಪಾಯಿ ಗೌರವಧನ ಬಂತು. ಆ ವರ್ಷದ ಲಿಟ್ಮಸ್ ಖರ್ಚು ಅದರಲ್ಲೇ ಕಳೆಯಿತು.

ಈಗ ಕೈ ಹಾಕಿರುವುದು ಹಳದಿ ಎಲೆರೋಗಕ್ಕೆ. ಸಂಪಾಜೆ ಕಡೆಯ ಎರಡು ತೋಟದಲ್ಲಿ ಮರಕ್ಕೆ ನಂಬರ್ ಹಾಕಿ, ಗೊನೆ ಎಣಿಸಿ ಬರೆದಿಡುತ್ತಿದ್ದೇನೆ. ಅಡಿಕೆ ಬಿಟ್ಟು ಬೇರೆ ಬೆಳೆಗೆ ಹೋಗಬೇಕೋ ಬೇಡವೋ ಅಂತ ಅಲ್ಲಿ ದೊಡ್ಡ ಚರ್ಚೆ ನಡೆಯುತ್ತಿದೆ, ಅಭಿಪ್ರಾಯ ಹೇಳು ಅಂತ ಒತ್ತಾಯವೂ ಇದೆ. ಇನ್ನೂ ಎರಡು ಕೊಯ್ಲಿನ ಲೆಕ್ಕ ಸಿಗದೆ ಬರೆಯುವುದಿಲ್ಲ.